ಅಕ್ಷರದಲ್ಲಿ ಎಷ್ಟು ಅಕ್ಷರ?

ಆಷಾಢದ ಮಳೆ ಹಿಡಿದು ನಾಲ್ಕು ದಿನ, ಕರೆಂಟು ಹೋಗಿ ಎರಡು ದಿನ. ತೀರ್ಥಹಳ್ಳಿ ಕಡೆಯ ನಮ್ಮ ತವರುಮನೆಯಲ್ಲಿ ಅಂಥ ಹೊತ್ತಿಗೆ ಬೆಚ್ಚಗಿರುವ ಜಾಗ ಒಂದೇ, ಬಚ್ಚಲೊಲೆಯ ಎದುರು. ಹಂಡೆಯಡಿಗೆ ಅಡಿಕೆ ಸಿಪ್ಪೆ ತುರುಕುತ್ತ ಅಮ್ಮ ಕೂತಿದ್ದಳು. ಪಕ್ಕದ ಮಣೆ ಮೇಲೆ ನಾನು. ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು, ತೊಡೆ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅಣ್ಣನ ಮಗಳು. ಶಿವಮೊಗ್ಗದಲ್ಲಿ ಬಿಸಿಎ ಓದುವ ಹುಡುಗಿ. ನೆಟ್‌ವರ್ಕ್ ಸತ್ತಿತ್ತು, ಬ್ಯಾಟರಿ ಅರ್ಧಕ್ಕೆ ಬಂದಿತ್ತು, ಸೋಮವಾರ ಅವಳು ಜಾವಾಸ್ಕ್ರಿಪ್ಟಿನ ಅಸೈನ್‌ಮೆಂಟ್ ಕೊಡಬೇಕಿತ್ತು. ಇದು 2024ರ ಮಾತು.

"ಅತ್ತೆ, ನೀವೂ ಇದನ್ನೆಲ್ಲ ಓದಿದ್ರಂತೆ? ಅಪ್ಪ ಹೇಳ್ತಿದ್ರು," ಅಂದಳು.

"ಓದಿದ್ಲು, ಮಗು ಕಟ್ಕೊಂಡು," ಅಂತ ನನಗಿಂತ ಮೊದಲೇ ಅಮ್ಮ ಬಾಯಿ ಹಾಕಿದಳು. "ಇವಳು ಕಾಲೇಜಿಗೆ ಹೋದ್ರೆ ಅಳಿಯಂದ್ರು ಮನೇಲಿ ಉಪ್ಪಿಟ್ಟು ಕೆದಕ್ತಿದ್ರು."

ಅದು ನಿಜವೇ. ಅವತ್ತು ಒಲೆ ಮುಂದೆ ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ತಾರೀಕುಗಳನ್ನು ಮಾತ್ರ ಆಮೇಲೆ ಸರಿಮಾಡಿಕೊಂಡೆ.

ನಾನು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ಗೆ ಹೋದದ್ದು 2008ರ ಕೊನೆಯಲ್ಲಿ, ಎಚ್-4 ವೀಸಾದ ಮೇಲೆ. ಆ ವೀಸಾ ಆಗ ಹೇಳುತ್ತಿದ್ದದ್ದಿಷ್ಟು: ಗಂಡನಿಗೆ ಇಲ್ಲಿ ಕೆಲಸವಿದೆ, ಅವನ ಜೊತೆ ನೀನಿರಬಹುದು, ಬೇಕಿದ್ದರೆ ಓದಬಹುದು, ದುಡಿಯುವಂತಿಲ್ಲ. ಊರಲ್ಲಿ ಆರು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ನಿಂತರೂ ಯಾರಾದರೊಬ್ಬರು "ನಮಸ್ತೆ ಮೇಡಂ" ಅನ್ನುತ್ತಿದ್ದರು. ಅಲ್ಲಿ ಹೋದ ಮೇಲೆ ಯಾವ ಅರ್ಜಿಯಲ್ಲಿ ಉದ್ಯೋಗ ಅಂತ ಕೇಳಿದರೂ ಗೆರೆ ಎಳೆದು ಬಿಡುವುದು. ಮೊದಲ ಸಲ ಆ ಗೆರೆ ಎಳೆದಾಗ ಅಷ್ಟೇನೂ ಅನ್ನಿಸಲಿಲ್ಲ. ಐದಾರನೇ ಸಲಕ್ಕೆ ಪೆನ್ನು ಒತ್ತಿ ಕಾಗದ ಹರಿಯಿತು.

ಎದುರು ಮನೆಯ ಗುಜರಾತಿ ಅಕ್ಕ ಹೇಳಿದ್ದು, ಕಮ್ಯುನಿಟಿ ಕಾಲೇಜಿಗೆ ಸೇರು ಅಂತ. ನಮ್ಮಲ್ಲಿ ಅದಕ್ಕೆ ಸರಿಯಾದ ಜೋಡಿ ಇಲ್ಲ. ಪ್ರವೇಶ ಪರೀಕ್ಷೆಯಿಲ್ಲ, ವಯಸ್ಸಿನ ಮಿತಿಯಿಲ್ಲ. ಹೈಸ್ಕೂಲು ಮುಗಿಸಿದ ಹುಡುಗರು ಎರಡು ವರ್ಷ ಕಡಿಮೆ ಖರ್ಚಿನಲ್ಲಿ ಓದಿ ದೊಡ್ಡ ವಿಶ್ವವಿದ್ಯಾಲಯಕ್ಕೆ ದಾಟಿಕೊಳ್ಳುವುದು ಅಲ್ಲೇ, ಕೆಲಸ ಕಳೆದುಕೊಂಡವರು ಹೊಸ ಕಸುಬು ಕಲಿಯುವುದೂ ಅಲ್ಲೇ. ನಮಗೆ ಹತ್ತಿರವಿದ್ದದ್ದು ಕೂಪರ್ಟಿನೊದ ಡಿ ಆಂಜಾ ಕಾಲೇಜು. 1967ರಲ್ಲಿ ಶುರುವಾದದ್ದು. ಆಪಲ್ ಕಂಪನಿ ತನ್ನ ಮೊದಲ ಮೆಕಿಂಟಾಶ್ ಕಂಪ್ಯೂಟರನ್ನು 1984ರ ಜನವರಿಯಲ್ಲಿ ಲೋಕಕ್ಕೆ ತೋರಿಸಿದ್ದು ಆ ಕಾಲೇಜಿನ ಆವರಣದ ಫ್ಲಿಂಟ್ ಸೆಂಟರ್ ಸಭಾಂಗಣದಲ್ಲಿ. ಆಪಲ್ಲಿನ ಆಗಿನ ಮುಖ್ಯ ಕಚೇರಿ ಅಲ್ಲಿಂದ ಎರಡು ಮೈಲಿಯೂ ಇರಲಿಲ್ಲ. ಈ ದೂರವನ್ನು ನೆನಪಿಟ್ಟುಕೋ ಅಂದೆ ಸೊಸೆಗೆ, ಮುಂದೆ ಬೇಕಾಗುತ್ತೆ.

ಕ್ಯಾಲಿಫೋರ್ನಿಯಾದಲ್ಲಿ ಒಂದು ವರ್ಷ ವಾಸ ಮಾಡಿದ್ದೇವೆ ಅಂತ ತೋರಿಸಿದರೆ ಎಚ್-4ನವರಿಗೂ ಸ್ಥಳೀಯರ ಫೀಸೇ ಆಗುತ್ತದೆ. ಆಗ ಒಂದು ಯುನಿಟ್ಟಿಗೆ 17 ಡಾಲರ್. 4 ಯುನಿಟ್ಟಿನ ಕೋರ್ಸಿಗೆ 68. ಹೊರಗಿನವರಾದರೆ ಅದರ ಹಲವು ಪಟ್ಟು. ಹಾಗಾಗಿ ವರ್ಷ ತುಂಬುವ ತನಕ ಕಾದೆ. 2010ರ ಏಪ್ರಿಲಿನಲ್ಲಿ ಶುರುವಾಗುವ ಸ್ಪ್ರಿಂಗ್ ಕ್ವಾರ್ಟರಿಗೆ ಸೇರಿಕೊಂಡೆ. ಇಂಟರಾಕ್ಟಿವ್ ವೆಬ್ ಪುಟ ಕಟ್ಟುವುದನ್ನು ಕಲಿಸುವ ಸಂಜೆ ಕ್ಲಾಸು, ಮಂಗಳವಾರ ಮತ್ತು ಗುರುವಾರ. ಗಂಡ ಐದೂವರೆಗೆ ಮನೆಗೆ ಬಂದು ನಾಲ್ಕೂವರೆ ವರ್ಷದ ಮಗಳನ್ನು ವಹಿಸಿಕೊಳ್ಳುವುದು, ನಾನು ಬಸ್ಸಿಗೆ ಓಡುವುದು. ಉಪ್ಪಿಟ್ಟಿನ ಕತೆ ಇದೇ.

ಕ್ಲಾಸಿನಲ್ಲಿ ಇಪ್ಪತ್ತು ಚಿಲ್ಲರೆ ಜನ. ಆ ವರ್ಷ ಕ್ಯಾಲಿಫೋರ್ನಿಯಾದಲ್ಲಿ ದುಡಿಯುವವರು, ಕೆಲಸ ಹುಡುಕುವವರು ಎಲ್ಲ ಸೇರಿ ನೂರಕ್ಕೆ 12 ಮಂದಿಗೆ ಕೆಲಸವಿರಲಿಲ್ಲ, ಅವರಲ್ಲಿ ನಾಲ್ಕೈದು ಜನ ನಮ್ಮ ಬೆಂಚಿನಲ್ಲೇ ಇದ್ದರು. ಉಗುರಿಗೆ ಬಣ್ಣ ಹಚ್ಚುವ ಅಂಗಡಿ ಇಟ್ಟಿದ್ದ ವಿಯೆಟ್ನಾಮಿನ ಹೆಂಗಸು, ರಾತ್ರಿ ಪಾಳಿಯಲ್ಲಿ ಗೋದಾಮಿನ ಕೆಲಸ ಮಾಡಿ ಹಗಲು ನಿದ್ದೆ ಹೊಡೆದು ಬರುತ್ತಿದ್ದ ಮೆಕ್ಸಿಕನ್ ಹುಡುಗ, ಅರವತ್ತೆಂಟರ ಒಬ್ಬ ನಿವೃತ್ತ ಅಜ್ಜ. ಅಜ್ಜ ಸೇರಿದ್ದು ಮೊಮ್ಮಕ್ಕಳಿಗೆ ಹುಟ್ಟುಹಬ್ಬದ ಕಾರ್ಡು ಮಾಡುವುದಕ್ಕೆ. ಅವನಷ್ಟು ಶ್ರದ್ಧೆಯಿಂದ ಹೋಂವರ್ಕ್ ಮಾಡಿದವರು ಇನ್ನೊಬ್ಬರಿರಲಿಲ್ಲ. ಮೇಷ್ಟ್ರು ಹಗಲು ಕಂಪನಿಯಲ್ಲಿ ದುಡಿದು ಸಂಜೆ ಪಾಠ ಹೇಳುವವರು, ಜುಟ್ಟು ಕಟ್ಟಿದ ಐವತ್ತರ ಮನುಷ್ಯ. ಎಲ್ಲರೂ ಅವರನ್ನು ಹೆಸರು ಹಿಡಿದು ಕೂಗುತ್ತಿದ್ದರು. ನನಗೆ ನಾಲಿಗೆ ಹೊರಳಲಿಲ್ಲ, ಕೊನೆಯ ತನಕ "ಸರ್" ಅಂತಲೇ ಅಂದೆ.

ಇಂಟರಾಕ್ಟಿವ್ ಅಂದರೆ ಏನು ಅಂತ ಅವರು ಮೊದಲ ದಿನ ಹೇಳಿದ್ದನ್ನು ನಾನು ನನ್ನ ನೋಟ್ ಪುಸ್ತಕದಲ್ಲಿ ಕನ್ನಡದಲ್ಲೇ ಬರೆದುಕೊಂಡಿದ್ದೆ: ಓದಿಸಿಕೊಳ್ಳುವ ಪುಟ ಬೇರೆ, ಓಗೊಡುವ ಪುಟ ಬೇರೆ. ಓಗೊಡಬೇಕಾದರೆ ಪುಟ ಮೊದಲು ಕಿವಿಗೊಟ್ಟು ಕಾಯಬೇಕು. ಯಾರಾದರೂ ಗುಂಡಿ ಒತ್ತುತ್ತಾರಾ, ಮೌಸು ಇತ್ತ ಬಂತಾ, ಕೀಲಿ ಕುಟ್ಟಿದರಾ ಅಂತ ಕಾಯುತ್ತ ಕೂರುವ ಕೆಲಸದಾಳಿಗೆ ಅವರ ಭಾಷೆಯಲ್ಲಿ ಲಿಸನರ್ ಅಂತ ಹೆಸರು. ತರಗತಿ ನಡೆಸಿದವಳಿಗೆ ಇದು ಹೊಸದಲ್ಲ ಅನ್ನಿಸಿತು. ಪಾಠ ಮಾಡುವುದರಲ್ಲಿ ಅರ್ಧ ಕೆಲಸ ಇದೇ.

ಆಗ ಇದನ್ನು ಕಲಿಸುತ್ತಿದ್ದದ್ದು ಫ್ಲ್ಯಾಶ್‌ನಲ್ಲಿ. ನಿನಗೆ ಗೊತ್ತಿಲ್ಲ, ಹೆಸರು ಕೇಳಿರಬಹುದು ಅಂದೆ. ಸೊಸೆ ತಲೆ ಅಲ್ಲಾಡಿಸಿದಳು, ಹೆಸರೂ ಕೇಳಿಲ್ಲವಂತೆ. 1996ರಲ್ಲಿ ಬೇರೆ ಹೆಸರಿನಲ್ಲಿ ಹುಟ್ಟಿ, ಅದೇ ವರ್ಷ ಮ್ಯಾಕ್ರೊಮೀಡಿಯಾದ ಕೈಗೆ ಹೋಗಿ, 2005ರಲ್ಲಿ ಆ ಕಂಪನಿಯ ಸಮೇತ ಅಡೋಬಿಯ ಪಾಲಾದ ಸಾಧನ. ವೆಬ್ಬಿನಲ್ಲಿ ಚಿತ್ರ ಓಡಿದರೆ, ಆಟ ಆಡಿದರೆ, ಹಾಡು ಕೇಳಿದರೆ ಅದರ ಹಿಂದೆ ಬಹುಪಾಲು ಅದೇ ಇರುತ್ತಿದ್ದ ಕಾಲ ಒಂದಿತ್ತು. ಅದರೊಳಗೆ ಒಂದು ಸ್ಟೇಜ್, ಮೇಲೆ ಕಾಲದ ಪಟ್ಟಿ, ಪಾತ್ರಗಳನ್ನು ಇಟ್ಟುಕೊಳ್ಳಲು ಒಂದು ಚೌಕಿ. ಅವರು ಲೈಬ್ರರಿ ಅನ್ನುತ್ತಿದ್ದರು, ಯಕ್ಷಗಾನ ಮೇಳದ ಆಟ ನೋಡಿ ಬೆಳೆದ ನನಗೆ ಅದು ಚೌಕಿಯೇ. ಅಲ್ಲಿ ಬಣ್ಣ ಹಚ್ಚಿಕೊಂಡು ಕೂತ ಪಾತ್ರವನ್ನು ಕರೆದರೆ ರಂಗಕ್ಕೆ ಬರುತ್ತದೆ. ಆಕ್ಷನ್‌ಸ್ಕ್ರಿಪ್ಟ್ ಎಂಬ ಭಾಷೆಯಲ್ಲಿ ಅದಕ್ಕೆ ಮಾತು ಕಲಿಸಬೇಕು. ಎರಡನೇ ವಾರ ನಾನೊಂದು ಗುಂಡಿ ಮಾಡಿದೆ. ಮೌಸ್ ಅದರ ಮೇಲೆ ಹೋದರೆ ಹಸಿರಿನಿಂದ ಕೆಂಪಾಗುತ್ತಿತ್ತು, ಅಷ್ಟೆ. ಮನೆಗೆ ಬಂದು ಗಂಡನಿಗೆ ತೋರಿಸಿದೆ. ಹದಿನೈದು ವರ್ಷ ಸಾಫ್ಟ್‌ವೇರಿನಲ್ಲಿ ತೇಯ್ದ ಆ ಮನುಷ್ಯ "ಚೆನ್ನಾಗಿದೆ" ಅಂದು ಹಾಲು ಹೆಪ್ಪು ಹಾಕಲು ಹೋದರು.

ಏಪ್ರಿಲ್ 29, ಗುರುವಾರ. ಆ ಸಂಜೆ ಮೇಷ್ಟ್ರು ಕ್ಲಾಸಿಗೆ ಬಂದವರು ಹಾಜರಿ ಕೂಗಲಿಲ್ಲ. ಪ್ರೊಜೆಕ್ಟರ್ ಹಾಕಿ ಗೋಡೆ ಮೇಲೆ ಒಂದು ಪತ್ರ ಮೂಡಿಸಿದರು. ಅವತ್ತೇ ಆಪಲ್ಲಿನ ಸ್ಟೀವ್ ಜಾಬ್ಸ್ ಬರೆದು ಪ್ರಕಟಿಸಿದ್ದ ಬಹಿರಂಗ ಪತ್ರ. ಐಫೋನಿನಲ್ಲಿ, ಆ ತಿಂಗಳು 3ನೇ ತಾರೀಕಿಗೆ ಮಾರಾಟಕ್ಕೆ ಬಂದಿದ್ದ ಐಪ್ಯಾಡಿನಲ್ಲಿ ಫ್ಲ್ಯಾಶ್‌ಗೆ ಜಾಗ ಯಾಕಿಲ್ಲ ಅನ್ನುವುದಕ್ಕೆ ಆರು ಕಾರಣ. ಅದು ಒಂದೇ ಕಂಪನಿಯ ಹಿಡಿತದಲ್ಲಿದೆ, ಭದ್ರತೆ ಸಾಲದು, ಬ್ಯಾಟರಿ ಕುಡಿಯುತ್ತದೆ, ಹೀಗೆ. ನನ್ನನ್ನು ತಾಗಿದ್ದು ಬೆರಳಿನ ಮಾತು. ಫ್ಲ್ಯಾಶ್ ಪುಟಗಳು ಮೌಸನ್ನು ನಂಬಿ ಕಟ್ಟಿದವು, ಬಾಣದ ಗುರುತು ಮೇಲೆ ಬಂದರೆ ಏನಾದರೂ ಆಗುವಂಥವು. ಬೆರಳಿನಲ್ಲಿ ಮುಟ್ಟುವ ಪರದೆಗೆ ಮೇಲೆ ಸುಳಿದಾಡುವುದು ಎಂಬುದೇ ಇಲ್ಲ. ಮುಟ್ಟಿದರೆ ಮುಟ್ಟಿತು, ಬಿಟ್ಟರೆ ಬಿಟ್ಟಿತು. ಹಸಿರಿನಿಂದ ಕೆಂಪಾಗುವ ನನ್ನ ಗುಂಡಿ ಕಣ್ಣ ಮುಂದೆ ಬಂತು. ಎರಡು ವಾರ ಕೂತು ಮಾಡಿದ ಒಂದೇ ಒಂದು ಗುಂಡಿ. ಅದನ್ನು ಎರಡು ಮೈಲಿ ಆಚೆಯಿಂದ ಒಬ್ಬರು ಸಂಜೆಯೊಳಗೆ ಕಿತ್ತು ಬಿಸಾಕಿದ್ದರು.

ಕ್ಲಾಸಿನಲ್ಲಿ ಯಾರೂ ಮಾತಾಡಲಿಲ್ಲ. ಆಮೇಲೆ ವಿಯೆಟ್ನಾಮಿನ ಅಕ್ಕ ಕೇಳಿದಳು: "ಹಾಗಾದರೆ ಪುಸ್ತಕ ವಾಪಸ್ ಕೊಟ್ಟರೆ ತಗೋತಾರಾ?" ಪುಸ್ತಕದ ಬೆಲೆ ಹೆಚ್ಚುಕಡಿಮೆ ಫೀಸಿನಷ್ಟೇ ಇತ್ತು, ಅವಳ ಪ್ರಶ್ನೆ ತಮಾಷೆಯದ್ದಲ್ಲ. ಆದರೂ ಎಲ್ಲರೂ ನಕ್ಕೆವು.

ಪತ್ರದಲ್ಲಿದ್ದದ್ದು ಸುಳ್ಳಾ ಅಂದರೆ, ಅಲ್ಲ. ಬೆರಳಿನ ವಿಚಾರ ನೂರಕ್ಕೆ ನೂರು ಸರಿ ಅಂತ ಈಗಲೂ ಅನ್ನುತ್ತೇನೆ. ಒಂದೇ ಕಂಪನಿಯ ಹಿಡಿತ ಕೆಟ್ಟದ್ದು ಅಂತ ಆಪಲ್ಲಿನವರ ಬಾಯಲ್ಲಿ ಕೇಳುವುದು ಮಾತ್ರ ತುಸು ಹೆಚ್ಚಾಯಿತು. ಅಡೋಬಿ ಮೇ ತಿಂಗಳಲ್ಲಿ, ನಮಗೆ ಆಪಲ್ ಅಂದರೆ ಪ್ರೀತಿ ಅಂತ ಪತ್ರಿಕೆಗಳಲ್ಲಿ ಜಾಹೀರಾತು ಹಾಕಿತು. ದೊಡ್ಡವರ ಜಗಳ.

ಮೇಷ್ಟ್ರು ಬೋರ್ಡಿನ ಮೇಲೆ ಎರಡು ಹೆಸರು ಬರೆದರು, ಆಕ್ಷನ್‌ಸ್ಕ್ರಿಪ್ಟ್ ಮತ್ತು ಜಾವಾಸ್ಕ್ರಿಪ್ಟ್. ಎರಡೂ ಒಂದೇ ಮನೆತನದವು, ಎರಡಕ್ಕೂ ಆಧಾರ ಇಕ್ಮಾಸ್ಕ್ರಿಪ್ಟ್ ಎಂಬ ಒಂದೇ ಕಟ್ಟಳೆ ಅಂದರು. ಜಾವಾಸ್ಕ್ರಿಪ್ಟನ್ನು 1995ರಲ್ಲಿ ಬ್ರೆಂಡನ್ ಐಕ್ ಎಂಬಾತ ಹತ್ತು ದಿನದಲ್ಲಿ ಕಟ್ಟಿದ್ದು ನೆಟ್‌ಸ್ಕೇಪ್ ಕಂಪನಿಯಲ್ಲಿ, ಇಲ್ಲೇ ಪಕ್ಕದ ಮೌಂಟನ್ ವ್ಯೂನಲ್ಲಿ. ರಂಗ ಹೋದೀತು, ಪಾತ್ರಕ್ಕೆ ಬಂದ ಮಾತು ಹೋಗುವುದಿಲ್ಲ ಅನ್ನುವ ಅರ್ಥದಲ್ಲಿ ಏನೋ ಹೇಳಿ, ಕೊನೆಯ ಪ್ರಾಜೆಕ್ಟನ್ನು ಯಾವುದರಲ್ಲಾದರೂ ಮಾಡಿ ಅಂತ ಬಿಟ್ಟರು. ಮುಂದಿನ ವಾರ ಮೂರು ಜನ ಬರಲಿಲ್ಲ.

ನನ್ನ ಪ್ರಾಜೆಕ್ಟು ಮೊದಲೇ ತೀರ್ಮಾನವಾಗಿತ್ತು, ಮಾಡಿದವಳು ಈ ಅಮ್ಮನೇ. ಭಾನುವಾರದ ಸ್ಕೈಪಿನಲ್ಲಿ ಮೊಮ್ಮಗಳಿಗೆ "ಅ ಆ ಇ ಈ ಹೇಳು ಪುಟ್ಟಿ" ಅಂದರೆ ಅದು ಎ ಬಿ ಸಿ ಡಿ ಹೇಳಿತು. ಕನ್ನಡ ಮೇಡಂ ಮಗಳು! ಅಮ್ಮ ಅಲ್ಲಿಂದ ನನ್ನನ್ನು ನೋಡಿದ ನೋಟ ಪರದೆ ದಾಟಿ ಬಂತು. ಸರಿ, ಅವಳಿಗೊಂದು ಅಕ್ಷರದ ಆಟ ಮಾಡುವುದು ಅಂದುಕೊಂಡೆ. ಪರದೆಯ ಮೇಲೊಂದು ಪದ ಬರುತ್ತದೆ, ಅದರ ಅಕ್ಷರಗಳು ಎಲೆ ಉದುರಿದ ಹಾಗೆ ಕೆಳಗೆ ಉದುರುತ್ತವೆ, ಮಗು ಒಂದೊಂದನ್ನೇ ಎತ್ತಿ ಮತ್ತೆ ಪದ ಕೂಡಿಸಬೇಕು. ಪದವನ್ನು ಅಕ್ಷರಗಳಾಗಿ ಬಿಡಿಸುವುದಕ್ಕೆ ಸ್ಪ್ಲಿಟ್ ಅನ್ನುವ ಒಂದೇ ಆಜ್ಞೆ ಸಾಕು ಅಂತ ಪುಸ್ತಕದಲ್ಲಿತ್ತು.

"ಕಮಲ" ಕೊಟ್ಟೆ. ಮೂರು ಎಲೆ ಉದುರಿದವು: ಕ, ಮ, ಲ. ಮಗಳು ಕೂಡಿಸಿ ಚಪ್ಪಾಳೆ ತಟ್ಟಿದಳು. "ಅಮ್ಮ" ಕೊಟ್ಟೆ. ನಾಲ್ಕು ಉದುರಿದವು! ಅ, ಮ, ಇನ್ನೊಂದು ಮ, ಇವುಗಳ ನಡುವೆ ಚುಕ್ಕಿ ಚುಕ್ಕಿಯ ಒಂದು ಉಂಗುರ, ಅದಕ್ಕೆ ಸಿಕ್ಕಿಸಿದ ಕೊಕ್ಕೆ. ಮಗಳು ಅದನ್ನು ಎತ್ತಿ ಹಿಡಿದು ಕೇಳಿದಳು, "ಅಮ್ಮಾ, ಇದು ಯಾವ ಅಕ್ಷರ?"

ಎಂಟನೇ ಕ್ಲಾಸಿಗೆ ಸಂಯುಕ್ತಾಕ್ಷರ ಪಾಠ ಮಾಡಿದವಳು ನಾನು. ಸಜಾತೀಯಕ್ಕೆ ಉದಾಹರಣೆ ಅಮ್ಮ, ವಿಜಾತೀಯಕ್ಕೆ ಉದಾಹರಣೆ ಅಕ್ಷರ, ನಿದ್ದೆಯಲ್ಲೂ ಹೇಳುತ್ತಿದ್ದೆ. ಆ ಉಂಗುರಕ್ಕೆ ಏನು ಉತ್ತರ ಹೇಳಬೇಕೋ ತಿಳಿಯಲಿಲ್ಲ. "ಅಕ್ಷರ" ಎಂಬ ಪದವನ್ನೇ ಕೊಟ್ಟು ಎಷ್ಟು ಅಕ್ಷರವಿದೆ ಎಣಿಸು ಅಂದೆ ಯಂತ್ರಕ್ಕೆ. ಐದು ಅಂದಿತು.

ಮೇ ತಿಂಗಳ ನಡುವೆ ಎಲ್ಲರೂ ತಮ್ಮ ತಮ್ಮ ಪ್ರಾಜೆಕ್ಟು ಅರ್ಧಂಬರ್ಧ ಇದ್ದರೂ ತೋರಿಸುವ ದಿನ ಬಂತು. ನಾನು ಮನೆಯ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋದೆ, ಕನ್ನಡದ ಕೀಲಿಮಣೆ ಇದ್ದದ್ದು ಅದರಲ್ಲೇ. ಮೇಷ್ಟ್ರು ನನ್ನ ಕೋಡು ಓದಿದರು. ಒಂದು ಸಲ, ಎರಡು ಸಲ. ತಪ್ಪೇನೂ ಇಲ್ಲವಲ್ಲ, ಐದು ಸಂಕೇತ ಇದೆ, ಐದು ಅಂತ ಎಣಿಸಿದೆ ಅಂದರು. "ಐದಲ್ಲ ಸರ್, ಮೂರು," ಅಂದೆ. "ನನಗೆ ಐದು ಕಾಣ್ತಿದೆ, ನಿಮಗೆ ಮೂರು ಅಂತ ಹೇಗೆ ಗೊತ್ತು?" ಅಂದರು.

ಅದು ಸವಾಲಲ್ಲ, ನಿಜವಾಗಿಯೂ ಅವರಿಗೆ ತಿಳಿಯಬೇಕಿತ್ತು. ಮಾರ್ಕರ್ ಪೆನ್ನನ್ನು ನನ್ನ ಕೈಗೆ ಕೊಟ್ಟು ತಾವು ಹೋಗಿ ನನ್ನ ಕುರ್ಚಿಯಲ್ಲಿ ಕೂತರು.

ಎರಡು ವರ್ಷದ ಮೇಲೆ ಬೋರ್ಡಿನ ಮುಂದೆ ನಿಂತೆ. ಕೈ ತಾನಾಗಿಯೇ ಬೋರ್ಡಿನ ಎಡ ಮೂಲೆಗೆ ತಾರೀಕು ಬರೆಯಲು ಹೋಯಿತು. ಬರೆದೆ ಕೂಡ. ಆಮೇಲೆ ದೊಡ್ಡದಾಗಿ ಒಂದು "ಕ" ಬರೆದೆ. ಇದರೊಳಗೆ ಒಂದು ಅಕಾರ ಅಡಗಿ ಕೂತಿದೆ, ಬರೆದಿಲ್ಲ, ಆದರೂ ಇದೆ ಅಂದೆ. ಅದರ ತಲೆಕಟ್ಟು ತೆಗೆದು ಗುಡಿಸು ಕೊಟ್ಟರೆ ಕಿ, ಪಕ್ಕಕ್ಕೆ ಕೊಂಬು ಕೊಟ್ಟರೆ ಕು. ಅಕಾರವನ್ನು ಕೊಂದರೆ ಕ್. ಹಾಗೆ ಸ್ವರ ಕಳೆದುಕೊಂಡದ್ದು ಒಂಟಿಯಾಗಿ ನಿಲ್ಲಲಾರದು, ಮುಂದಿನ ಅಕ್ಷರವನ್ನು ಒತ್ತಾಗಿ ಕಟ್ಟಿಕೊಳ್ಳುತ್ತದೆ: ಕ್ಷ. ನಾವು ಎಣಿಸುವುದು ಬಾಯಲ್ಲಿ ಒಟ್ಟಿಗೆ ಬರುವುದನ್ನು. ಯಂತ್ರ ಎಣಿಸುವುದು ಬೆರಳು ಕುಟ್ಟಿದ್ದನ್ನು. ಇಂಗ್ಲಿಷಿನಲ್ಲಿ ಎರಡೂ ಒಂದೇ ಆದ್ದರಿಂದ ನಿಮಗೆ ಈ ತೊಂದರೆ ಗೊತ್ತಾಗಿಲ್ಲ ಅಂದೆ. ನನ್ನ ಇಂಗ್ಲಿಷು ಅವತ್ತು ಎಲ್ಲೂ ತಡವರಿಸಲಿಲ್ಲ, ಯಾಕೋ.

ವಿಯೆಟ್ನಾಮಿನ ಅಕ್ಕ ಎದ್ದು ಬಂದು ತನ್ನ ಭಾಷೆಯ ಒಂದು ಅಕ್ಷರ ಬರೆದಳು, ತಲೆ ಮೇಲೆ ಎರಡು ಗುರುತು ಹೊತ್ತದ್ದು. ನಮ್ಮದೂ ಹೀಗೆಯೇ ಅಂದಳು. ಹಿಂದಿನ ಸಾಲಿನಿಂದ ಅಜ್ಜ ಕೇಳಿದ, "ಒಂದು ಅಕ್ಷರಕ್ಕೆ ಎಷ್ಟು ಒತ್ತು ಕೊಡಬಹುದು?" ನಾನು "ಸ್ತ್ರೀ" ಬರೆದೆ. ಯಂತ್ರ ಇದನ್ನು ಆರು ಅನ್ನುತ್ತದೆ, ನಮಗೆ ಒಂದು. ಅಜ್ಜ ಅದನ್ನು ತನ್ನ ಪುಸ್ತಕದಲ್ಲಿ ಬಿಡಿಸಿಕೊಂಡ.

ಪರಿಹಾರವನ್ನು ಮೇಷ್ಟ್ರು ಮತ್ತು ನಾನು ಕೂಡಿ ಮಾಡಿದೆವು. ಎಲ್ಲ ಲಿಪಿಯ ಅಕ್ಷರಗಳಿಗೂ ನಂಬರು ಹಂಚುವ ಯೂನಿಕೋಡ್ ಕನ್ನಡಕ್ಕೆ 3200ರಿಂದ ಮುಂದಕ್ಕೆ 128 ಮನೆ ಕೊಟ್ಟಿದೆ. 3262ರಿಂದ 3276ರ ನಡುವೆ ಕಾಗುಣಿತದ ಗುರುತುಗಳು, 3202 ಮತ್ತು 3203 ಅನುಸ್ವಾರ, ವಿಸರ್ಗ. ಸ್ವರ ಕೊಲ್ಲುವ ಆ ಕೊಕ್ಕೆಯ ನಂಬರು 3277. ಈಗ ಬರುತ್ತಿರುವುದು ಇವುಗಳಲ್ಲಿ ಯಾವುದಾದರೂ ಆಗಿದ್ದರೆ ಹಿಂದಿನದಕ್ಕೆ ಅಂಟಿಸು. ಹಿಂದಿನದು 3277 ಆಗಿದ್ದರೂ ಅಂಟಿಸು. ಇಲ್ಲದಿದ್ದರೆ ಹೊಸ ಅಕ್ಷರ. ಕನ್ನಡ ವ್ಯಾಕರಣದ ಒಂದು ಇಡೀ ಅಧ್ಯಾಯ ಹನ್ನೆರಡು ಸಾಲಿಗೆ ಇಳಿಯಿತು. ಹದಿಮೂರನೇ ಶತಮಾನದ ಕೇಶಿರಾಜ ಕಂದಪದ್ಯದಲ್ಲಿ ಸೂತ್ರ ಬರೆದವನು, ಅವನಿಗೆ ಹನ್ನೆರಡು ಸಾಲೂ ಉದ್ದ ಅನ್ನಿಸುತ್ತಿತ್ತೋ ಏನೋ.

ಆಟವನ್ನು ಫ್ಲ್ಯಾಶ್‌ನಲ್ಲಿ ಮುಗಿಸಿದೆ, ಹಟಕ್ಕೆ. ಆ ಹನ್ನೆರಡು ಸಾಲನ್ನು ಜಾವಾಸ್ಕ್ರಿಪ್ಟಿಗೂ ಬರೆದುಕೊಂಡೆ. ಬದಲಿಸಬೇಕಾದದ್ದು ಹೆಚ್ಚೇನೂ ಇರಲಿಲ್ಲ, ಮೇಷ್ಟ್ರು ಮನೆತನದ ಬಗ್ಗೆ ಹೇಳಿದ್ದು ನಿಜವಿತ್ತು. ಕೋರ್ಸಿನಲ್ಲಿ ನನಗೆ ಬಂದದ್ದು ಬಿ. ಮಗಳಿಗೆ ಜ್ವರ ಬಂದು ಎರಡು ಕ್ಲಾಸು ತಪ್ಪಿತ್ತು.

"ಈಗ ಆಟ ಎಲ್ಲಿದೆ ಅತ್ತೆ?"

ವಾರಾಂತ್ಯದ ಕನ್ನಡ ಶಾಲೆಯಲ್ಲಿ ಕೆಲವು ವರ್ಷ ಮಕ್ಕಳು ಆಡಿದರು. 2015ರ ಮೇನಲ್ಲಿ ಎಚ್-4ನವರಲ್ಲಿ ಕೆಲವರಿಗೆ ದುಡಿಯುವ ಅನುಮತಿ ಸಿಕ್ಕಿತು, ನನಗೂ ಸಿಕ್ಕಿತು, ಒಂದು ಶಾಲೆಯ ವೆಬ್ ಪುಟ ನೋಡಿಕೊಳ್ಳುವ ಕೆಲಸ. ಅರ್ಜಿಯಲ್ಲಿ ಗೆರೆ ಎಳೆಯುವುದು ನಿಂತಿತು. ಫ್ಲ್ಯಾಶ್‌ಗೆ ಅಡೋಬಿ 2020ರ ಡಿಸೆಂಬರ್ 31ಕ್ಕೆ ಬಾಗಿಲು ಹಾಕಿತು, ಜನವರಿ 12ರಿಂದ ಇದ್ದ ಫೈಲುಗಳೂ ಓಡದಂತೆ ತಡೆಯಿತು. ಆಟ ಸನ್ನಿವೇಲ್‌ನ ಮನೆಯಲ್ಲಿ ಒಂದು ಸೀಡಿಯಲ್ಲಿದೆ. ಸೀಡಿ ಹಾಕುವ ಕಿಂಡಿ ಮನೆಯ ಯಾವ ಯಂತ್ರಕ್ಕೂ ಇಲ್ಲ.

ಸೊಸೆ ಅಷ್ಟರಲ್ಲಿ ಕೀಲಿಮಣೆ ಕುಟ್ಟತೊಡಗಿದ್ದಳು. ಈಗ ಇದಕ್ಕೆಲ್ಲ ಬ್ರೌಸರಿನಲ್ಲೇ ಸೆಗ್ಮೆಂಟರ್ ಅಂತ ಬಂದಿದೆ ಅತ್ತೆ, ಹನ್ನೆರಡು ಸಾಲು ಬೇಡ, ನೆಟ್ಟೂ ಬೇಡ, ಯಾವ ಭಾಷೆಯ ಅಕ್ಷರವನ್ನಾದರೂ ಅದೇ ಎಣಿಸುತ್ತೆ ಅಂದಳು. "ಅಕ್ಷರ" ಕೊಟ್ಟಳು. ಕತ್ತಲಲ್ಲಿ ಪರದೆಯ ಬೆಳಕು ಅವಳ ಮುಖದ ಮೇಲಿತ್ತು.

"ನಾಲ್ಕು," ಅಂದಳು.

ಕ್ ಬೇರೆ, ಷ ಬೇರೆ ಮಾಡಿತ್ತು. ಅವಳಿಗೆ ನಂಬಿಕೆ ಬರಲಿಲ್ಲ. ಕನ್ನಡದ ಪಕ್ಕದ 128 ಮನೆ ತೆಲುಗಿನದು, ಎರಡು ಲಿಪಿಯ ಅಕ್ಷರಗಳೂ ಅದೇ ಅದೇ ಸ್ಥಾನದಲ್ಲಿ ಕೂತಿವೆ ಅಂತ ನಾನು ಹೇಳಿದ್ದೇ ತಡ, ಪ್ರತಿ ಸಂಖ್ಯೆಯಿಂದ 128 ಕಳೆದು ಅದೇ ಪದವನ್ನು ತೆಲುಗಿನಲ್ಲಿ ಕೊಟ್ಟಳು. ಮೂರು ಅಂದಿತು. ಒತ್ತಕ್ಷರವನ್ನು ಒಡೆಯದೆ ಇಡುವ ಕಟ್ಟಳೆಯನ್ನು ಯೂನಿಕೋಡಿನವರು 2023ರಲ್ಲಿ ಸೇರಿಸಿದ್ದಾರೆ. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಅದರಲ್ಲಿವೆ. ಕನ್ನಡದ 3277 ಆ ಪಟ್ಟಿಯಲ್ಲಿಲ್ಲ. ಇದನ್ನು ನಾನು ಆಮೇಲೆ ಕರೆಂಟು ಬಂದ ಮೇಲೆ ಹುಡುಕಿ ತಿಳಿದುಕೊಂಡೆ.

"ಅವರಿಗೆ ಮೂರು, ನಮಗೆ ನಾಲ್ಕಾ?" ಅಂದಳು ಅಮ್ಮ, ಒಲೆಯಿಂದ ತಲೆ ಎತ್ತದೆ. "ಯಾರಿಗೆ ಹೇಳ್ಬೇಕು ಇದನ್ನ?"

ಯಾರು ಬೇಕಾದರೂ ಹೇಳಬಹುದು. ಯೂನಿಕೋಡಿಗೆ ಅರ್ಜಿ ಬರೆಯಲು ಹುದ್ದೆ ಬೇಡ, ಪದವಿ ಬೇಡ. ಉದಾಹರಣೆ ಕೊಟ್ಟು, ಕಾರಣ ಹೇಳಿ ಬರೆದರೆ ಓದುತ್ತಾರೆ. ಇದನ್ನು ಓದುತ್ತಿರುವ ಕನ್ನಡ ಮೇಷ್ಟ್ರುಗಳೇ, ಮೇಡಂಗಳೇ, ನಿಮ್ಮ ಮನೆಯಲ್ಲಿ ಕೋಡು ಬರೆಯುವ ಹುಡುಗ ಹುಡುಗಿ ಇದ್ದೇ ಇರುತ್ತಾರೆ, ಪಕ್ಕದಲ್ಲಿ ಕೂರಿಸಿಕೊಂಡು ಬರೆಯಿರಿ. ನಮ್ಮ ಮನೆಯಿಂದ ಒಂದು ಹೋಗುತ್ತದೆ. ಆ ರಾತ್ರಿ ಸೊಸೆ ನಾನು ಬಾಯಲ್ಲಿ ಹೇಳಿದ ಹನ್ನೆರಡು ಸಾಲನ್ನು ಬರೆದುಕೊಂಡು ಓಡಿಸಿದಳು. ಮೂರು ಬಂತು. ಬ್ಯಾಟರಿ ಶೇಕಡ 9 ಉಳಿದಿತ್ತು.